ಉಪವಾಸಕ್ಕೆ ಏನ್ ತಿಂತೀರಿ?

ಮೊದಲು ಬಂದದ್ದು ಸೆಕೆ.

ಸಂಕ್ರಾಂತಿ ಇನ್ನೂ ಕಳೆದಿರಲಿಲ್ಲ. ಬಸವಕಲ್ಯಾಣದಲ್ಲಿ ಜನ ಮಫ್ಲರ್ ಬಿಚ್ಚದೆಯೇ ಅಂಗಡಿ ತೆರೆಯುವ ಥಂಡಿ. ನಾನು ನಮ್ಮ ಭಾಂಡೆ ಪಾತ್ರೆಗಳ ಅಂಗಡಿಯಲ್ಲಿ ಒಬ್ಬ ಮುದುಕನಿಗೆ ಸ್ಟೀಲಿನ ಡಬ್ಬಿ ತೋರಿಸುತ್ತಿದ್ದೆ. ಕುದಿಯುವ ಪಾತ್ರೆಯ ಮುಚ್ಚಳ ತೆಗೆದಂತೆ ಎದೆಯಿಂದ ಬಿಸಿ ಮೇಲಕ್ಕೆ ಎದ್ದಿತು. ಕುತ್ತಿಗೆ, ಕಿವಿ, ನೆತ್ತಿ. ಕುಪ್ಪಸ ಬೆನ್ನಿಗೆ ಅಂಟಿತು. ಎದ್ದು ಫ್ಯಾನ್ ಹಾಕಿದೆ. ಮುದುಕ ಹೊದ್ದ ಕಂಬಳಿಯನ್ನು ಬಿಗಿ ಮಾಡಿಕೊಂಡು ನನ್ನ ಮುಖವನ್ನೇ ನೋಡಿದ. ಸ್ವಲ್ಪ ಹೊತ್ತಿಗೆ ಎಲ್ಲ ಇಳಿಯಿತು. ಬೆವರು ಆರಿ ಮೈ ನಡುಗಿತು. ಏನೋ ಪಿತ್ತ ಎಂದುಕೊಂಡು ಸುಮ್ಮನಾದೆ.

ಆಮೇಲೆ ಮುಟ್ಟು ಏರುಪೇರಾಯಿತು. ಒಂದು ತಿಂಗಳು ಬಂದರೆ ಎರಡು ತಿಂಗಳು ಇಲ್ಲ. ಕಡೆಗೆ ನಿಂತೇಹೋಯಿತು.

ನನಗೆ ಖುಷಿಯಾಯಿತು.

ಯಾಕೆಂದು ಹೇಳಬೇಕು. ಸೂತಕವಿಲ್ಲ ಎಂದು ಶರಣರು ಸಾರಿದ ಊರು ಇದು. ಆದರೆ ಆ ಮಾತು ನಮ್ಮ ಅತ್ತೆಯ ದೇವರ ಕೋಣೆಯ ಹೊಸ್ತಿಲಿನ ತನಕ ಬಂದು ಅಲ್ಲೇ ನಿಂತಿತ್ತು. ತಿಂಗಳ ಆ ದಿನಗಳಲ್ಲಿ ನಾನು ಆ ಹೊಸ್ತಿಲು ದಾಟುವಂತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹದಿನಾರು ಸೋಮವಾರದ ವ್ರತ ಹಿಡಿದೆ. ನಡುವೆ ಒಂದು ಸೋಮವಾರ ಮುಟ್ಟಾದೆ. "ತುಂಡಾತು, ಮತ್ತ ಮೊದಲಿಂದ ಹಿಡಿ" ಎಂದರು ಅತ್ತೆ. ಮತ್ತೆ ಹಿಡಿದೆ, ಮತ್ತೆ ತುಂಡಾಯಿತು. ಬೇರೆಯವರ ಮನೆಗಳಲ್ಲಿ ಆ ವಾರ ಬಿಟ್ಟು ಮುಂದಿನದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಹೀಗೆ ನನ್ನ ಹರೆಯವೆಲ್ಲ ಹೋಯಿತು. ನನ್ನ ದೇಹ ನನ್ನ ಮಾತು ಕೇಳುವುದಿಲ್ಲ, ನಾನು ಹಿಡಿದದ್ದನ್ನೆಲ್ಲ ಅದು ಕೆಡಿಸುತ್ತದೆ ಎನ್ನುವ ಸಿಟ್ಟು ಒಳಗೆ ಹಾಗೆಯೇ ಉಳಿದಿತ್ತು.

ಮುಟ್ಟು ಪೂರ್ತಿ ನಿಂತಿತು ಎಂದು ಖಾತ್ರಿಯಾದ ಮೇಲೆ ಅತ್ತೆ ದೇವರ ತಾಮ್ರದ ಗಿಂಡಿಯನ್ನು ನನ್ನ ಕೈಗೆ ಕೊಟ್ಟರು. "ಇನ್ನ ನೀ ಚೊಕ್ಕ ಆದಿ" ಎಂದರು. ಅಷ್ಟು ವರ್ಷಗಳಲ್ಲಿ ಆ ಹೆಂಗಸು ನನಗೆ ಆಡಿದ ಅತಿ ದೊಡ್ಡ ಮಾತು ಅದು. ನನ್ನ ಕಣ್ಣು ತುಂಬಿತು.

ಹದಿನಾರು ಸೋಮವಾರ ಮುಗಿಸಿದೆ. ಮುಗಿಸಿ ನಿಲ್ಲಿಸಲಿಲ್ಲ. ನಮ್ಮ ಮನೆಯಲ್ಲಿ ಸೋಮವಾರ ಶಿವನದು, ಗುರುವಾರ ದತ್ತನದು, ಶನಿವಾರ ಮಾರುತಿಯದು, ಏಕಾದಶಿ ವಿಠ್ಠಲನದು. ಅತ್ತೆ ಯಾರನ್ನೂ ಬಿಟ್ಟವರಲ್ಲ. ವಯಸ್ಸಾಗಿ ಅವರು ಕೈಬಿಟ್ಟ ಉಪವಾಸಗಳನ್ನೆಲ್ಲ ನಾನು ಎತ್ತಿಕೊಂಡೆ. ಓಣಿಯಲ್ಲಿ ನನ್ನ ಹೆಸರಾಯಿತು.

ಉಪವಾಸ ಎಂದರೆ ನಮ್ಮ ಕಡೆ ಏನು ಎನ್ನುವುದನ್ನೂ ಹೇಳಿಬಿಡುತ್ತೇನೆ. ರೊಟ್ಟಿ, ಅನ್ನ, ಬೇಳೆ ಮುಟ್ಟಬಾರದು. ಫರಾಳ ತಿನ್ನಬಹುದು. ಫರಾಳವೆಂದರೆ ತುಪ್ಪದಲ್ಲಿ ಹುರಿದ ಸಾಬೂದಾಣಿ, ಎಂದರೆ ಸಬ್ಬಕ್ಕಿಯ ಖಿಚಡಿ, ಅದಕ್ಕೆ ಬಟಾಟಿ, ಶೇಂಗಾಪುಡಿ. ಬೆಲ್ಲ ಹಾಕಿ ಬೇಯಿಸಿದ ಗೆಣಸು. ಬಾಳೆಹಣ್ಣು ಹಿಚುಕಿದ ಸಕ್ಕರೆ ಹಾಲು. ಸುಸ್ತಾದರೆ ಚಹಾ, ಮತ್ತೂ ಸುಸ್ತಾದರೆ ಮತ್ತೊಂದು ಚಹಾ. ನಮ್ಮ ಅಂಗಡಿಯ ಪಕ್ಕದಲ್ಲಿ ಬಳೆ ಅಂಗಡಿ ಇಟ್ಟಿರುವ ಶಮೀಮ್ ನನ್ನ ವಾರಿಗೆಯವಳು. ರೋಜಾ ಉಪವಾಸದ ತಿಂಗಳಲ್ಲಿ ತುಟಿ ಒಣಗಿಸಿಕೊಂಡು ಗಿರಾಕಿಗಳ ಕೈಗೆ ಬಳೆ ತೊಡಿಸುತ್ತಾಳೆ, ಒಂದು ಗುಟುಕು ನೀರು ಕುಡಿಯುವುದಿಲ್ಲ. ಅವಳು ನನ್ನನ್ನು ಆಗಾಗ ಕಾಡಿಸುತ್ತಿದ್ದಳು. "ವೈನಿ, ಉಪ್ವಾಸ ಇದ್ದ ದಿನಾನೇ ನಿಮ್ಮ ಡಬ್ಬಿ ದೊಡ್ಡದು ಬರ್ತದಲ್ಲ?" ನಾನು ನಕ್ಕು ಅವಳಿಗೂ ಒಂದು ಚಮಚ ಖಿಚಡಿ ಹಾಕುತ್ತಿದ್ದೆ.

ಆ ನಗೆಯಲ್ಲಿ ನನ್ನ ರೋಗದ ಅರ್ಧ ಕಥೆ ಇತ್ತು. ನನಗೆ ಕಾಣಲಿಲ್ಲ.

ಕಂಡದ್ದು ಲಂಗದ ಲಾಡಿ. ಗಂಟು ಹಾಕಿದ ಮೇಲೆ ಎರಡೂ ಕಡೆ ಉದ್ದ ಜೋತಾಡುತ್ತಿದ್ದ ಲಾಡಿ ಈಗ ಗಂಟಿಗೇ ಸಾಲುತ್ತಿರಲಿಲ್ಲ. ಕೈಕಾಲು ಸಣ್ಣಗಾಗಿದ್ದವು, ಹೊಟ್ಟೆ ಮಾತ್ರ ಸುತ್ತಲೂ ಟೈರಿನಂತೆ ಕೂತಿತ್ತು. ಮೆಟ್ಟಿಲು ಹತ್ತಿದರೆ ತೊಡೆ ಕಂಪಿಸುತ್ತಿತ್ತು. ನಿದ್ದೆ ಹರಕು. ಒಂದು ದಿನ ಲೋಟಗಳು ಒಂದರೊಳಗೊಂದು ಸರಿಯಾಗಿ ಕೂರಲಿಲ್ಲ ಎಂದು ಅಂಗಡಿಯಲ್ಲಿ ಅತ್ತುಬಿಟ್ಟೆ. ನಮ್ಮ ಮನೆಯವರು ಗಾಬರಿಯಾಗಿ ಲೋಟಗಳನ್ನೆಲ್ಲ ಎತ್ತಿ ಅಟ್ಟಕ್ಕೆ ಹಾಕಿದರು. ಪಾಪ, ಲೋಟದ್ದೇ ತಪ್ಪು ಎಂದುಕೊಂಡಿದ್ದರು.

ಉಪವಾಸ ಮಾಡಿಯೂ ದಪ್ಪಗಾಗಿದ್ದಾಳೆ ಎಂದು ನಾದಿನಿ ಆಡಿಕೊಂಡಳು. ನನಗೂ ಅದೇ ಪ್ರಶ್ನೆ. ಇಷ್ಟು ಉಪವಾಸ ಮಾಡುವವಳಿಗೆ ಯಾಕೆ ಹೀಗೆ?

ಹುಮನಾಬಾದ್ ನನ್ನ ತವರು. ಅಲ್ಲಿ ಅಕ್ಕನ ಮನೆಗೆ ಹೋದಾಗ ಅವಳು ನನ್ನ ಮುಖ ನೋಡಿದವಳೇ ತನ್ನ ಲೇಡಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಬಿ.ಪಿ. ನೋಡಿದರು, ಸೊಂಟಕ್ಕೆ ಟೇಪ್ ಹಿಡಿದರು, ರಕ್ತಕ್ಕೆ ಬರೆದರು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ ಹೊರಗಿನಿಂದ ಆಗಿ ಬರಬೇಕು, ತಡವಾಗುತ್ತದೆ ಎಂದರು. ಫಾಸ್ಟಿಂಗ್ ಶುಗರ್ ಮಾತ್ರ ಮರುದಿನವೇ. "ಮುಂಜಾನಿ ಉಪವಾಸ ಬರ್ರಿ" ಎಂದಳು ಲ್ಯಾಬಿನ ಹೆಣ್ಣುಮಗಳು.

ಮರುದಿನ ಸೋಮವಾರ. ಅನುಕೂಲವೇ ಆಯಿತು ಎಂದುಕೊಂಡೆ. ಅಕ್ಕ ಪ್ರೀತಿಯಿಂದ ಖಿಚಡಿ ಮಾಡಿದ್ದಳು. ತಿಂದೆ. ಒಂದು ಬಾಳೆಹಣ್ಣು, ಮೇಲೆ ಚಹಾ. ಸ್ನಾನ, ಪೂಜೆ ಮುಗಿಸಿಯೇ ಲ್ಯಾಬಿಗೆ ಹೋದೆವು.

ಸೂಜಿ ಚುಚ್ಚುವ ಮುಂಚೆ ಅವಳು ಕೇಳಿದಳು. "ಉಪವಾಸ ಅದೀರೇನ್ರಿ?"

"ಹೌದ್ರಿ, ಉಪವಾಸ ಅದೀನಿ" ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನ್ನ ಯಾವ ಮೂಲೆಗೂ ಅನ್ನಿಸಲಿಲ್ಲ. ನಿಜವಾಗಿಯೂ ಉಪವಾಸವಿದ್ದೆ.

ರಿಪೋರ್ಟ್ ನೋಡಿ ಡಾಕ್ಟರ ಹುಬ್ಬು ಏರಿತು. ನಮ್ಮ ಅಪ್ಪನಿಗೆ ಶುಗರ್ ಇತ್ತೇ ಎಂದು ಕೇಳಿದರು. ಇತ್ತು. ಕಾಲಿನ ಬೆರಳು ಕಳೆದುಕೊಂಡು ತೀರಿಹೋದರು. ಡಾಕ್ಟರು ಗುಳಿಗೆ ಬರೆದರು, ಸಿಹಿ ಬಿಡಿ ಎಂದರು, ಗುಳಿಗೆ ತಪ್ಪಿಸಬೇಡಿ, ಊಟ ತಪ್ಪಿಸಬೇಡಿ ಎಂದರು. ಬಸ್ಸಿನಲ್ಲಿ ಬರುವಾಗ ಅಪ್ಪನ ಕಾಲೇ ಕಣ್ಣ ಮುಂದಿತ್ತು.

ಹೆದರಿದವರ ಬುದ್ಧಿ ನೆಟ್ಟಗಿರುವುದಿಲ್ಲ. ತಿಂದರೆ ತಾನೇ ಸಕ್ಕರೆ ಏರುವುದು, ತಿನ್ನದಿದ್ದರೆ ಇಳಿದೇ ಇಳಿಯುತ್ತದೆ ಎಂದು ಲೆಕ್ಕ ಹಾಕಿದೆ. ದೇವರಿಗೂ ಸಲ್ಲುತ್ತದೆ, ದೇಹಕ್ಕೂ ಸಲ್ಲುತ್ತದೆ. ಆಷಾಢ ಏಕಾದಶಿ ಬಂತು. ಈ ಸಲ ಕಡಕ್ ಉಪವಾಸ, ಫರಾಳವೂ ಇಲ್ಲ, ನೀರೂ ಇಲ್ಲ ಎಂದು ವಿಠ್ಠಲನ ಪಟದ ಮುಂದೆ ನಿಂತು ಹೇಳಿಕೊಂಡೆ. ಅತ್ತೆ ಮೆಚ್ಚಿ ತಲೆದೂಗಿದರು. ಗುಳಿಗೆ ತಪ್ಪಿಸಬಾರದು ಎಂದಿದ್ದರಲ್ಲ, ಅದನ್ನು ಮಾತ್ರ ಒಂದು ಗುಟುಕಿನಲ್ಲಿ ನುಂಗಿ ಅಂಗಡಿಗೆ ಹೋದೆ.

ಮಧ್ಯಾಹ್ನ ಬೆವರು ಶುರುವಾಯಿತು.

ನನಗೆ ಗುರುತಿನ ಬೆವರು ಅದು. ಬರುತ್ತದೆ, ಹೋಗುತ್ತದೆ. ಕೂತು ಕಾದೆ. ಹೋಗಲಿಲ್ಲ. ಕೈ ನಡುಗಿತು. ಎದುರಿನ ಗೋಡೆಯ ತಾಟುಗಳೆಲ್ಲ ಒಂದರ ಮೇಲೊಂದು ಸರಿದಾಡಿದವು. ಎದೆ ಬಡಿದುಕೊಳ್ಳುತ್ತಿತ್ತು. ಎದ್ದು ಫ್ಯಾನಿನ ಗುಂಡಿ ಒತ್ತಲು ಹೋದವಳು ಹಿಟ್ಟು ನಾದುವ ಪರಾತಗಳ ಸಾಲಿನ ಮೇಲೆ ಬಿದ್ದೆ. ಆ ಸದ್ದು ನಮ್ಮ ಗಲ್ಲಿಯ ಕೊನೆಯ ತನಕ ಕೇಳಿಸಿತಂತೆ.

ಕಣ್ಣು ಬಿಟ್ಟೇ ಇದ್ದೆ. ಶಮೀಮ್ ಓಡಿ ಬಂದದ್ದು, ನಮ್ಮ ಮನೆಯವರು ನನ್ನ ಹೆಸರು ಹಿಡಿದು ಕೂಗಿದ್ದು ತಿಳಿಯುತ್ತಿತ್ತು. ಶಮೀಮ್ ನನ್ನ ಕೈ ಮುಟ್ಟಿ ನೋಡಿದವಳೇ ಚಹಾಕ್ಕೆ ಇಟ್ಟಿದ್ದ ಸಕ್ಕರೆ ತೆಗೆದು ಲೋಟದ ನೀರಿನಲ್ಲಿ ಕಲಕಿದಳು. ಅವಳ ತಾಯಿಗೆ ಶುಗರ್ ಇತ್ತು, ಹೀಗೆಯೇ ಆಗುತ್ತಿತ್ತಂತೆ. ಲೋಟ ತುಟಿಗೆ ಬಂತು.

ನಾನು ಹಲ್ಲು ಕಚ್ಚಿದೆ.

ಸಾಯುತ್ತಿದ್ದೇನೆ ಎಂದು ಗೊತ್ತಿತ್ತು, ಆದರೂ ಬಾಯಿ ತೆರೆಯಲಿಲ್ಲ. ತಲೆಯಲ್ಲಿ ಒಂದೇ ಮಾತು ತಿರುಗುತ್ತಿತ್ತು: ತುಂಡಾಗುತ್ತದೆ, ತುಂಡಾಗುತ್ತದೆ. ಈ ಸಲ ಮುಟ್ಟೂ ಇಲ್ಲ, ಆದರೂ ಈ ದೇಹ ಕೆಡಿಸುತ್ತದೆ.

ಶಮೀಮ್ ನನ್ನ ಗಲ್ಲ ಹಿಡಿದು ಕಿವಿಯ ಹತ್ತಿರ ಬಂದಳು. "ವೈನಿ, ತಬಿಯತ್ ಬಿಗಡಾಯಿಸಿದ್ರ ನಮ್ಮಾಗೂ ರೋಜಾ ಬಿಡ್ತೀವಿ. ಆಮ್ಯಾಲ ತೀರಸ್ತೀವಿ. ನೀವೂ ಆಮ್ಯಾಲ ತೀರಸ್ರಿ. ಈಗ ಬಾಯಿ ತೆಗೀರಿ."

ಆಮೇಲೆ ತೀರಿಸಬಹುದು. ಈ ಮಾತನ್ನು ನನಗೆ ಹಿಂದೆ ಯಾರೂ ಹೇಳಿರಲಿಲ್ಲ. ಬಾಯಿ ತೆರೆದೆ.

ನಮ್ಮೂರಿನ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಚ್ಚಿದರು. ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಸಕ್ಕರೆ ಹೆಚ್ಚಾಯಿತೆಂದು ಗುಳಿಗೆ ತಿಂದವಳು ಸಕ್ಕರೆ ಇಲ್ಲದೆ ಮಲಗಿದ್ದೆ. ನಮ್ಮ ಮನೆಯವರು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ನನ್ನ ಪಾದ ಒತ್ತುತ್ತಿದ್ದರು. ಮದುವೆಯಾದ ಮೇಲೆ ಅವರು ನನ್ನ ಪಾದ ಮುಟ್ಟಿದ್ದು ಅದೇ ಮೊದಲು. ಬೇಡವೆನ್ನುವಷ್ಟು ಶಕ್ತಿಯೂ ನನಗಿರಲಿಲ್ಲ.

ಸುಧಾರಿಸಿಕೊಂಡು ಅಕ್ಕನ ಜೊತೆ ಹುಮನಾಬಾದಿನ ಡಾಕ್ಟರ ಹತ್ತಿರ ಹೋದೆ. ಹೊರಗಿನ ರಿಪೋರ್ಟ್ ಬಂದಿತ್ತು. ಅದರಲ್ಲಿ ಸಕ್ಕರೆ ಅಷ್ಟೇನೂ ಇರಲಿಲ್ಲ, ಅವರ ಮೊದಲ ರಿಪೋರ್ಟಿಗೆ ಹೊಂದುತ್ತಿರಲಿಲ್ಲ. ಡಾಕ್ಟರು ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಏನೋ ಹೊಳೆದವರಂತೆ ತಲೆ ಎತ್ತಿದರು.

"ನೀವು ಉಪವಾಸ ಮಾಡ್ತೀರಲ್ಲ, ಉಪವಾಸಕ್ಕ ಏನ್ ತಿಂತೀರಿ?"

ಹೇಳಿದೆ. ಖಿಚಡಿ, ಬಟಾಟಿ, ಗೆಣಸು, ಬಾಳೆಹಣ್ಣು, ಹಾಲು, ಚಹಾ. ಹೇಳುತ್ತಾ ಹೋದಂತೆ ಡಾಕ್ಟರು ಪೆನ್ನು ಕೆಳಗಿಟ್ಟರು.

"ಆ ದಿನ ರಕ್ತ ಕೊಡ್ಲಿಕ್ಕ ಬಂದಾಗ?"

"ಅವತ್ತ ಸೋಮವಾರ ಇತ್ರಿ."

ಅಕ್ಕ ಫಕ್ಕನೆ ನಕ್ಕಳು. ಹಾಗೆಯೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಖಿಚಡಿ ಬಡಿಸಿದ್ದು ಅವಳ ಕೈ. ಡಾಕ್ಟರು ನಗಲಿಲ್ಲ. ಇದನ್ನು ತಾನು ಮೊದಲೇ ಕೇಳಬೇಕಾಗಿತ್ತು, ಖಾಲಿ ಹೊಟ್ಟೆ ಎಂದು ಬಿಡಿಸಿ ಹೇಳಬೇಕಾಗಿತ್ತು ಎಂದರು. ಅಷ್ಟು ಹೇಳಿದ್ದಕ್ಕೆ ನನಗೆ ಅವರ ಮೇಲಿದ್ದ ಸಿಟ್ಟು ಇಳಿಯಿತು.

ನನಗೆ ಏನೂ ಆಗಿಲ್ಲ ಎಂದು ಮಾತ್ರ ಅವರು ಹೇಳಲಿಲ್ಲ. ಸಕ್ಕರೆ ಕಾಯಿಲೆಯ ಗಡಿಯಲ್ಲಿ ಬಂದು ನಿಂತಿತ್ತು. ರಕ್ತದಲ್ಲಿ ಕೊಬ್ಬು, ಸ್ಕ್ಯಾನಿಂಗಿನಲ್ಲಿ ಫ್ಯಾಟಿ ಲಿವರ್. ಆ ಗುಳಿಗೆ ನಿಲ್ಲಿಸಿದರು. ನಿಧಾನವಾಗಿ ತಿಳಿಸಿದರು. ಮುಟ್ಟು ನಿಲ್ಲುವ ಕಾಲಕ್ಕೆ ಹೆಂಗಸಿನ ದೇಹದ ಲೆಕ್ಕ ಬದಲಾಗುತ್ತದೆ. ತೊಡೆಗೆ ಹೋಗುತ್ತಿದ್ದ ಕೊಬ್ಬು ಹೊಟ್ಟೆಗೆ ಬಂದು ಕೂರುತ್ತದೆ. ಮಾಂಸಖಂಡ ಕರಗುತ್ತದೆ, ಎಲುಬೂ ಸವೆಯುತ್ತದೆ. ತಿಂದ ಸಕ್ಕರೆಯನ್ನು ಹೀರಿಕೊಳ್ಳುವುದು ಆ ಮಾಂಸಖಂಡವೇ. ವಾರಕ್ಕೆ ಮೂರು ನಾಲ್ಕು ಸಲ ಬೇಳೆ, ಕಾಳು ಬಿಟ್ಟು ಬರೀ ಸಾಬೂದಾಣಿ ತಿಂದರೆ, ದಿನವೆಲ್ಲ ಅಂಗಡಿಯಲ್ಲಿ ಕೂತರೆ, ಅದು ಎಲ್ಲಿಂದ ಉಳಿಯಬೇಕು? ದಿನಾ ನಡೆಯಿರಿ, ವಾರದಲ್ಲಿ ಕೆಲವು ದಿನ ಭಾರ ಎತ್ತಿರಿ, ಪ್ರತಿ ಊಟದಲ್ಲೂ ಬೇಳೆಯೋ ಕಾಳೋ ಮೊಸರೋ ಇರಲಿ ಎಂದರು.

ಉಪವಾಸ ಬಿಡಬೇಕೇ ಎಂದು ಕೇಳಿದೆ.

"ದೇವ್ರಿಗೆ ಏನ್ ಬಿಡ್ತೀರೋ ನೀವೇ ಆರಿಸ್ಕೋರಿ" ಎಂದರು ಡಾಕ್ಟರು. "ಬ್ಯಾಳಿ ಮಾತ್ರ ಬಿಡಬ್ಯಾಡ್ರಿ."

ಮನೆಗೆ ಬಂದು ಗಿಂಡಿಯ ಮುಂದೆ ಕೂತು ಅತ್ತುಬಿಟ್ಟೆ. ರೋಗಕ್ಕಲ್ಲ, ಉಪವಾಸಕ್ಕೆ ಅತ್ತದ್ದು. ಇಡೀ ಆಯುಷ್ಯದಲ್ಲಿ ಒಮ್ಮೆ ನನ್ನ ದೇಹ ನನ್ನ ಕೈಗೆ ಬಂದಿತ್ತು. ಅದೂ ಹೋಯಿತು ಎನ್ನಿಸಿತು. ಓದುವವರಿಗೆ ಇದು ಹುಚ್ಚಾಗಿ ಕಂಡರೆ ಕಾಣಲಿ.

ನಡಿಗೆ ಶುರು ಮಾಡಿದೆ. ನಮ್ಮೂರಿನಲ್ಲಿ ಅಂಗಡಿಕಾರರ ಮನೆಯ ಹೆಂಗಸು ಕೈಯಲ್ಲಿ ಚೀಲವಿಲ್ಲದೆ ನಡೆದರೆ ಜನಕ್ಕೆ ಅರ್ಥವಾಗುವುದಿಲ್ಲ. ಕೋಟೆಯ ದಾರಿಯಲ್ಲಿ ಪರಿಚಯದವರೆಲ್ಲ ಸ್ಕೂಟರ್ ನಿಲ್ಲಿಸಿ ಹತ್ತಿ ಎನ್ನುತ್ತಿದ್ದರು. ಬೇಡವೆಂದರೆ ಮನೆಯಲ್ಲಿ ಜಗಳವಾಗಿದೆಯೇ ಎಂದು ಮುಖ ನೋಡುತ್ತಿದ್ದರು. ಮೋರಖಂಡಿಯಿಂದ ಹಾಲು ತರುವವನು ನಮ್ಮ ಅಂಗಡಿಗೇ ಹೋಗಿ, ಮಾಲಕೀಣಬಾಯಿ ಸಿಟ್ಟಿನಿಂದ ಎತ್ತಲೋ ನಡೆದಿದ್ದಾರೆ ಎಂದು ಹೇಳಿ ಬಂದ. ಶಮೀಮ್ ಜೊತೆಗೂಡಿದ ಮೇಲೆ ಅದೆಲ್ಲ ನಿಂತಿತು. ಇಬ್ಬರು ನಡೆದರೆ ಕೆಲಸವಿದೆ ಎಂದು ಜನ ನಂಬುತ್ತಾರೆ. ಅವಳಿಗೂ ಸೆಕೆ ಏರುತ್ತಿತ್ತು, ಅವಳಿಗೂ ಮೊಣಕಾಲು ನೋವು. ಹರೆಯದಲ್ಲಿ ಮುಟ್ಟಿನಿಂದ ತಪ್ಪಿದ ರೋಜಾಗಳನ್ನು ಅವಳು ಚಳಿಗಾಲದಲ್ಲಿ ಒಂದೊಂದಾಗಿ ತೀರಿಸುತ್ತಿದ್ದಳಂತೆ. ನಿಮ್ಮಲ್ಲಿ ಮೊದಲಿಂದ ಹಿಡಿಯಿರಿ ಎನ್ನುವುದಿಲ್ಲವೇ ಎಂದು ಕೇಳಿದೆ. ಇಲ್ಲ ಎಂದಳು.

ಭಾರ ಎತ್ತಲು ಅಂಗಡಿಯ ಎರಡು ಸಣ್ಣ ಬಿಂದಿಗೆಗಳಿಗೆ ನೀರು ತುಂಬಿಕೊಂಡೆ. ಮೊದಲು ಅರ್ಧ, ಆಮೇಲೆ ಕಂಠದ ತನಕ. ಕುರ್ಚಿಯಿಂದ ಕೈಯೂರದೆ ಏಳುವುದು, ಕೂರುವುದು. ತಟ್ಟೆಯನ್ನೂ ಅಂಗಡಿಯಿಂದಲೇ ಆರಿಸಿದೆ, ಖಾನೆಗಳಿರುವುದು. ದೊಡ್ಡ ಖಾನೆಗೆ ಪಲ್ಯ, ಒಂದಕ್ಕೆ ಬೇಳೆ ಅಥವಾ ಮೊಳಕೆ ಹೆಸರು, ಒಂದಕ್ಕೆ ಮೊಸರು. ಜೋಳದ ರೊಟ್ಟಿಗೆ ಸಣ್ಣ ಖಾನೆಯೇ ಉಳಿಯಿತು. ಮೊದಲ ವಾರಗಳಲ್ಲಿ ಆ ತಟ್ಟೆಯನ್ನು ಎತ್ತಿ ಎಸೆಯಬೇಕು ಅನ್ನಿಸುತ್ತಿತ್ತು.

ಮನೆಯಲ್ಲಿ ಅತ್ತೆ ಮಾತು ಬಿಟ್ಟಿದ್ದರು. ನಾನು ಸೋಮವಾರ ರೊಟ್ಟಿ ಮುರಿದಾಗ ಎದ್ದು ಹೋಗಿದ್ದರು. ಸಿಟ್ಟು ಎಂದುಕೊಂಡೆ. ಆ ಗುರುವಾರ ಅವರು ತಟ್ಟೆ ಮುಟ್ಟಲಿಲ್ಲ. ಶನಿವಾರವೂ ಇಲ್ಲ. ಮೈಯಲ್ಲಿ ಎಲುಬು, ಚರ್ಮ ಬಿಟ್ಟರೆ ಏನೂ ಇಲ್ಲದ ಮುದುಕಿ. ಮುಂದಿನ ಸೋಮವಾರವೂ ಹಾಗೆಯೇ ಗೋಡೆಗೆ ಒರಗಿ ಕೂತಿದ್ದರು. ಏನಾಗಿದೆ ಎಂದು ಜೋರು ಮಾಡಿ ಕೇಳಿದೆ.

"ನಿನ್ನ ಪಾಲಿಂದು ನಾ ಮಾಡಾಕತ್ತೀನಿ" ಎಂದರು. "ನೀ ಉಣ್ಣು. ಉಂಡು ಬದುಕು."

ಅಲ್ಲೇ ಕೂತೆ. ಅವರು ಗೋಡೆ ನೋಡುತ್ತಲೇ ಮಾತಾಡಿದರು. ಅವರಿಗೂ ಆ ವಯಸ್ಸಿನಲ್ಲಿ ಮೈ ಉರಿಯುತ್ತಿತ್ತಂತೆ. ಚಳಿಗಾಲದಲ್ಲಿ ಹಿತ್ತಲಿಗೆ ಹೋಗಿ ತಣ್ಣೀರು ಸುರಿದುಕೊಳ್ಳುತ್ತಿದ್ದರಂತೆ. ಯಾರಿಗೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಚೊಕ್ಕ ಆದಿ ಎಂದು ಅವರಿಗೂ ಯಾರೋ ಹೇಳಿದ್ದರು. ಆ ಒಂದು ಮಾತಿನ ಮೇಲೆ ಅವರೂ ಅಷ್ಟು ವರ್ಷ ಉಪವಾಸ ಮಾಡಿದ್ದರು.

ಆ ಹೆಂಗಸಿನ ಮೇಲೆ ನನಗಿದ್ದ ಹಳೆಯ ಕಹಿಯೆಲ್ಲ ಆ ದಿನವೇ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಖಾನೆಯ ತಟ್ಟೆಯನ್ನು ತಂದು ನಮ್ಮಿಬ್ಬರ ನಡುವೆ ಇಟ್ಟೆ.

"ಅತ್ತಿ, ನೀವು ಉಣ್ಣದಿದ್ರ ನಾನೂ ಉಣ್ಣಲ್ಲ. ಆಮ್ಯಾಲ ಮತ್ತ ಪರಾತದ ಮ್ಯಾಲ ಬೀಳ್ತೀನಿ."

ಅವರು ಒಂದು ತುತ್ತು ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ, ತಮ್ಮ ಬಾಯಿಗಿಡದೆ ನನ್ನ ಬಾಯಿಗಿಟ್ಟರು. ಎರಡನೆಯ ತುತ್ತು ತಾವು ತಿಂದರು. ವಿಠ್ಠಲನಿಗೆ ಏನು ಹೇಳಿಕೊಂಡರೋ ನಾನು ಕೇಳಲಿಲ್ಲ.

ಈಗ ಸೋಮವಾರ ಒಂದನ್ನು ಉಳಿಸಿಕೊಂಡಿದ್ದೇನೆ. ಅವತ್ತು ನಾನು ದೇವರಿಗೆ ಬಿಡುವುದು ಸಕ್ಕರೆ, ಚಹಾ ಮತ್ತು ಸಾಬೂದಾಣಿ. ಹೆಸರುಕಾಳಿನ ಉಸುಳಿ, ಮೊಸರು, ಒಂದು ರೊಟ್ಟಿ ಉಣ್ಣುತ್ತೇನೆ. ಓಣಿಯ ಹೆಂಗಸರು ಇದೆಂಥ ಉಪವಾಸ ಎನ್ನುತ್ತಾರೆ. ಅತ್ತೆ ಅವರಿಗೆ ಉತ್ತರ ಕೊಡುತ್ತಾರೆ, ನಾನು ಕೊಡುವುದಿಲ್ಲ. ಸೆಕೆ ಇನ್ನೂ ಏರುತ್ತದೆ, ಕಡಿಮೆ. ಈಗ ಬೆವರು ಬಂದರೆ ಯಾವ ಬೆವರು ಎಂದು ನಿಂತು ನೋಡುತ್ತೇನೆ. ಲಾಡಿ ಒಂದಿಷ್ಟು ಉದ್ದವಾಗಿದೆ. ಸಕ್ಕರೆ ಗಡಿ ದಾಟುವುದಿಲ್ಲ ಎಂದು ಡಾಕ್ಟರು ಮಾತು ಕೊಟ್ಟಿಲ್ಲ. ನಾನೂ ಯಾರಿಗೂ ಕೊಟ್ಟಿಲ್ಲ. ಮೆಟ್ಟಿಲು ಹತ್ತುವಾಗ ತೊಡೆ ಕಂಪಿಸುವುದಿಲ್ಲ, ಇವತ್ತಿಗೆ ಅಷ್ಟು ಸಾಕು.

ಮೊನ್ನೆ ಮತ್ತೆ ರಕ್ತ ಕೊಡಲು ಹುಮನಾಬಾದಿಗೆ ಹೋಗಿದ್ದೆ. ಅಕ್ಕ ಒಲೆ ಹೊತ್ತಿಸಿರಲಿಲ್ಲ, ನನ್ನನ್ನು ಅಡುಗೆಮನೆಯ ಹತ್ತಿರವೂ ಬಿಡಲಿಲ್ಲ. ಲ್ಯಾಬಿನಲ್ಲಿ ಅದೇ ಹೆಣ್ಣುಮಗಳು. ನನ್ನ ಗುರುತು ಅವಳಿಗಿರಲಿಲ್ಲ. ತೋಳಿಗೆ ಪಟ್ಟಿ ಬಿಗಿದು, ಸೂಜಿ ಎತ್ತಿಕೊಂಡು, ಎಲ್ಲರಿಗೂ ಕೇಳುವಂತೆ ಕೇಳಿದಳು.

"ಉಪವಾಸ ಅದೀರೇನ್ರಿ?"

"ಇಲ್ರಿ" ಎಂದೆ. "ಏನೂ ತಿಂದಿಲ್ಲ."